ಉಸ್ತಾದರ ನೆಗಡಿ

ಯಾದಗಿರಿಯ ಮೇ ಬಿಸಿಲಿನಲ್ಲೂ ಅವರ ಮೂಗಿನ ಮೇಲೆ ಹಸಿರು ಉಣ್ಣೆಯ ಮಫ್ಲರ್ ಇರುತ್ತಿತ್ತು. ಹಿಂದೆ ಗಂಟು, ಮುಂದೆ ಬರೀ ಎರಡು ಕಣ್ಣು. ಕೇಳಿದವರಿಗೆಲ್ಲ ಒಂದೇ ಉತ್ತರ: "ಹುಟ್ಟಿದಾಗಿಂದ ನೆಗಡಿ ಅದ. ಈ ಮೂಗು ಇದ್ದೂ ಇಲ್ಲದಂಗ."

ಅವರು ನಮ್ಮ ಉಸ್ತಾದರು. ಸುರಪುರದವರು. ಯಾದಗಿರಿ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದವರು. ನಾನು ದೋರನಹಳ್ಳಿಯವನು, ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು.

ಪ್ಲಾಸ್ಟಿಕ್ಕಿನ ಕಚ್ಚಾಮಾಲು ಮಾಡುವ ದೊಡ್ಡ ಕಂಪನಿಗಳಲ್ಲಿ ಉಳಿಯುವ ಹಳದಿ ಎಣ್ಣೆ ಟ್ಯಾಂಕರಿನಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಕಾಯಿಸಿ, ಆವಿಯನ್ನು ಎತ್ತರದ ಉಕ್ಕಿನ ಕಾಲಮ್ಮಿಗೆ ಏರಿಸಿ ತಣಿಸಿದರೆ ಮೊದಲು ಬೆಂಜೀನ್ ಇಳಿಯುತ್ತದೆ, ಆಮೇಲೆ ಟಾಲುಯೀನ್, ನಮ್ಮ ಬಾಯಲ್ಲಿ ಟಾಲ್ವಿನ್. ಬಣ್ಣದವರು, ಔಷಧದವರು ಒಳ್ಳೆ ಬೆಲೆಗೆ ಕೊಳ್ಳುತ್ತಾರೆ. ಉಸ್ತಾದರು ಅಷ್ಟನ್ನೂ ಒಂದೇ ಮಾತಿನಲ್ಲಿ ಕಲಿಸಿದರು: "ಹಗುರಂದು ಮೊದಲ ಏಳ್ತದ, ಭಾರಂದು ಕಡೀಕ. ನಡುವ ಅವಸರ ಮಾಡಿದಿ ಅಂದ್ರ ಎರಡೂ ಕೆಡ್ತಾವ."

ಒಂದು ಮುಗಿದು ಇನ್ನೊಂದು ಶುರುವಾದದ್ದನ್ನು ಹಿಡಿಯುವುದೇ ಕಷ್ಟ. ಲ್ಯಾಬಿನ ಉತ್ತರ ಬರುವಷ್ಟರಲ್ಲಿ ಬೆಂಜೀನ್ ಟ್ಯಾಂಕಿಗೆ ಟಾಲ್ವಿನ್ ಬಿದ್ದಿರುತ್ತಿತ್ತು. ಅದಕ್ಕೇ ಮೂಗು ಬೇಕು. ಬಾಟಲಿಗೆ ಸ್ವಲ್ಪ ಹಿಡಿದು ನಾನು ಮೂಸಿ ಹೇಳಬೇಕು. ಸಿಹಿ ವಾಸನೆ ಇದ್ದರೆ ಬೆಂಜೀನ್, ಥಿನ್ನರ್ ವಾಸನೆ ಬಂದರೆ ಟಾಲ್ವಿನ್. ನಾನು ತಪ್ಪುತ್ತಿರಲಿಲ್ಲ.

"ಈ ದೋರನಹಳ್ಳ್ಯಾಂದು ಮೂಗಲ್ಲಲೇ, ಮಷೀನು!" ಎಂದು ಎಲ್ಲರೆದುರು ಬೆನ್ನು ತಟ್ಟುತ್ತಿದ್ದರು. ಸಾಲಿಯಲ್ಲಿ ಯಾರೂ ನನ್ನನ್ನು ಹೊಗಳಿರಲಿಲ್ಲ. ಇನ್ನೂ ಜೋರಾಗಿ ಮೂಸಿದೆ.

ಮಧ್ಯಾಹ್ನಕ್ಕೆ ಅವರು ಎರಡು ಡಬ್ಬಿ ತರುತ್ತಿದ್ದರು. ಒಂದು ನನಗೆ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ.

"ತಿನ್ನಲೇ, ಪುಂಡಿ ಸೊಪ್ಪಿನಿಂದ ರಕ್ತ ಆಗ್ತದ."

ವರ್ಷ ಕಳೆದ ಮೇಲೆ ಏಣಿ ಹತ್ತಿದರೆ ಕಣ್ಣಿಗೆ ಕತ್ತಲೆ ಬರತೊಡಗಿತು. ಹಲ್ಲು ತಿಕ್ಕಿದರೆ ವಸಡಿನಲ್ಲಿ ರಕ್ತ. ಉಸ್ತಾದರಿಗೆ ಹೇಳಿದೆ. "ಬಿಸಿಲಿಗೆ ಹಂಗಾಗ್ತದ" ಎಂದು ತಮ್ಮ ಪಾಲಿನ ಪಲ್ಲೆಯನ್ನೂ ನನ್ನ ಕಡೆ ತಳ್ಳಿದರು. ನಮ್ಮಪ್ಪ ಕೂಡ ಹಾಗೆ ಮಾಡಿದವನಲ್ಲ.

ಆಮೇಲೆ ಅವರ ಮಗ ಐಟಿಐ ಮುಗಿಸಿ ನಮ್ಮಲ್ಲೇ ಸೇರಿದ. ಮೊದಲ ದಿನವೇ ನನ್ನ ಕೈಯಿಂದ ಬಾಟಲಿ ಕಸಿದು, ನನ್ನಂತೆಯೇ ಮೂಗಿಗೆ ಹಿಡಿಯಲು ಹೋದ. ಉಸ್ತಾದರು ಓಡಿಬಂದು ಅವನ ಕೈಗೆ ಹೊಡೆದರು. ಬಾಟಲಿ ಬಿದ್ದು ಒಡೆಯಿತು.

"ಲೇ ಖೋಡಿ! ಮೂಗಿಗೆ ಹಿಡೀಬ್ಯಾಡ. ಎಲುಬಿನಾಗಿನ ರಕ್ತ ಹೀರ್ತದ ಅದು!"

ನಾನು ಪಕ್ಕದಲ್ಲೇ ನಿಂತಿದ್ದೆ.

"ಮತ್ತ ನಾನ್ರಿ?" ಎಂದೆ.

ಅವರು ಮಫ್ಲರ್ ಮೇಲಕ್ಕೆ ಎಳೆದುಕೊಂಡರು. "ನಿನಗ ರೂಢಿ ಆಗ್ಯಾದ ಬಿಡು."

"ನಿಮ್ಮ ನೆಗಡಿ ಖರೇನೇನ್ರಿ ಉಸ್ತಾದ್ರಿ?"

ಅವರು ಬಾಟಲಿಯ ಚೂರುಗಳನ್ನು ಕಾಲಿನಿಂದ ಸರಿಸುತ್ತ, "ಕ್ಯಾಂಟೀನಿನ್ಯಾಗ ಮಿರ್ಚಿ ಕರೀಲಾಕತ್ತಾರ. ನಡಿ, ತಿಂದು ಬರಮು" ಎಂದರು.

ಕ್ಯಾಂಟೀನ್ ಇದ್ದದ್ದು ಗೋಡೆಯ ಆಚೆ, ಗೇಟಿನ ಹತ್ತಿರ. ನನ್ನ ಮಷೀನು ಮೂಗಿಗೆ ಮಿರ್ಚಿಯ ವಾಸನೆ ಬರಲೇ ಇಲ್ಲ. ಅವರಿಗೆ ಬಂದಿತ್ತು.

ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಡಾಕ್ಟರು ರಕ್ತ ತೆಗೆದು ನೋಡಿ, ಎಲುಬಿನಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿಲ್ಲ ಎಂದರು. ಔಷಧ ಇನ್ನೂ ನಡೆದಿದೆ. ಚೀಲ ಎತ್ತಲಾರೆ, ಹೊಲದಲ್ಲಿ ನಿಲ್ಲಲಾರೆ. ವೈರಿ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇವರು ಉಣಿಸುತ್ತ ಮಾಡಿದರು.

ಹೋದ ಚಳಿಗಾಲದಲ್ಲಿ ಉಸ್ತಾದರು ಎದೆನೋವು ಬಂದು ಸತ್ತರು. ಹೋಗಬಾರದು ಅಂದುಕೊಂಡಿದ್ದೆ. ದಿನಕರ್ಮ ಮುಗಿದ ಮೇಲೆ ಸುರಪುರದ ಬಸ್ಸು ಹತ್ತಿದೆ. ಅವರ ಹೆಂಡತಿ ನನ್ನ ಮುಖವನ್ನೇ ನೋಡಿದರು.

"ದೋರನಹಳ್ಳಿ ಹುಡುಗ ನೀನೇ ಏನಪ್ಪಾ? ನೀ ಕೆಲಸಕ್ಕ ಸೇರಿದ ದಿನದಿಂದ ನಿನಗ ಬ್ಯಾರೇ ಡಬ್ಬಿ ಕಟ್ಟಸ್ತಿದ್ರು. ಅದರಾಗ ಪುಂಡಿಪಲ್ಲೆ ತಪ್ಪಬಾರದು. ಒಂದಿನ ಮರತಿದ್ದಕ್ಕ ಉಣ್ಣೋ ತಾಟು ಬಿಸಾಕಿದ್ರು ನೋಡು."

ಸೇರಿದ ದಿನದಿಂದ. ಆಗಲೇ ಗೊತ್ತಿತ್ತು ಅವರಿಗೆ.

ಆಕೆ ತಾಟು ತಂದಿಟ್ಟರು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ. ಒದ್ದು ಎದ್ದು ಬರಬೇಕು ಅನಿಸಿತು.

ಉಂಡೆ. ರಕ್ತ ಬೇಕಲ್ಲ.