ಯೋಜನೆಯ ಹೊರಗಿನ ಪ್ರೊಫೆಸರ್

ಫೋಲ್ಕ್‌ಮಾರ್ ಹೆಸೆಲ್‌ಬೈನ್ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದವರಿಗೆ ಅವನ ಕೋಣೆ ಖಾಲಿ ಮಾಡಿಸುವ ತೊಂದರೆ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ಪಾಠ ಹೇಳಿದವನಿಗೆ ಕೋಣೆಯೇ ಇರಲಿಲ್ಲ. ನಾನು ವಿಭಾಗದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಷ್ಟು ಕಾಲ ಅವನ ಕೋಟು ನನ್ನ ಕುರ್ಚಿಯ ಬೆನ್ನಿಗೆ, ಪುಸ್ತಕಗಳು ನನ್ನ ಮೇಜಿನ ಕೆಳಗೆ. ನಿವೃತ್ತಳಾಗಿ ಹೊರಟ ದಿನ ನಾನು ಹೊಸದಾಗಿ ಬಂದವಳಿಗೆ ಒಪ್ಪಿಸಿಕೊಟ್ಟಿದ್ದರಲ್ಲಿ ಅವನ ಛತ್ರಿಯೂ ಇತ್ತು.

ಅವನ ಪದವಿಯ ಹೆಸರನ್ನು ಇದ್ದ ಹಾಗೆ ಹೇಳಿದರೆ 'ಯೋಜನೆಯ ಹೊರಗಿನ ಪ್ರೊಫೆಸರ್' ಎಂದಾಗುತ್ತದೆ. ಅಂದರೆ ಪ್ರೊಫೆಸರ್ ಹೌದು, ಆದರೆ ಹುದ್ದೆ ಇಲ್ಲ, ಸಂಬಳ ಇಲ್ಲ. ವಾರಕ್ಕೆರಡು ಗಂಟೆ ಬಿಟ್ಟಿ ಪಾಠ ಹೇಳುವುದು ಮಾತ್ರ ಕಡ್ಡಾಯ. ಪಾಠ ನಿಂತರೆ ಕಲಿಸುವ ಹಕ್ಕು ಹೋಗುತ್ತದೆ, ಹಕ್ಕಿನ ಹಿಂದೆ ಹೆಸರೂ ಹೋಗುತ್ತದೆ. ನಮ್ಮ ಜರ್ಮನ್ ಭಾಷೆಯಲ್ಲಿ ಆ ಪದವನ್ನು ಗಿಡ್ಡ ಮಾಡಿ ಬರೆದರೆ ಸೇಬಿನ ಹೆಸರಿನ ಹಾಗೆ ಕಾಣುವುದರಿಂದ ಹುಡುಗರು ಅವನನ್ನು 'ಸೇಬಿನ ಪ್ರೊಫೆಸರ್' ಎನ್ನುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಊರಾಚೆಯ ತನ್ನ ತುಂಡು ತೋಟದಿಂದ ಒಂದು ಚೀಲ ಸೇಬು ತಂದು ಮೇಜಿನ ಮೇಲೆ ಸುರಿದು, "ತಗೊಳ್ರಪ್ಪ, ಹೆಸರಿಗೆ ಅನ್ಯಾಯ ಆಗ್ಬಾರ್ದು" ಎನ್ನುತ್ತಿದ್ದ.

ಹೊಟ್ಟೆಪಾಡಿಗೆ ಸಂಜೆ ಶಾಲೆಯಲ್ಲಿ, ದೇಶಕ್ಕೆ ಹೊಸದಾಗಿ ಬಂದವರಿಗೆ ಜರ್ಮನ್ ಕಲಿಸುತ್ತಿದ್ದ. ಕೆಳಮನೆಯ ಮುದುಕಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಹೆರ್ ಪ್ರೊಫೆಸರ್, ನಿಮ್ಮಂಥೋರು ಬಸ್ಸಿಗೆ ಕಾಯ್ತಾ ನಿಂತ್ಕೊಳ್ಳೋದಾ? ಅಷ್ಟು ಜಿಪುಣತನ ಒಳ್ಳೇದಲ್ಲ" ಎಂದು ಬುದ್ಧಿ ಹೇಳುತ್ತಿದ್ದಳು.

ಅವನ ವಿಷಯ ಹೊಲಗದ್ದೆಗಳ ಹೆಸರು. ವೇಸರ್ ನದಿಯ ಎರಡೂ ದಡದಲ್ಲಿ ಪ್ರತಿ ತುಂಡು ನೆಲಕ್ಕೂ ಹಳೆಯ ಹೆಸರೊಂದಿದೆ. 'ಹಸಿವಿನ ಮೂಲೆ' ಎಂದರೆ ಹಾಕಿದ ಬೀಜವೂ ವಾಪಸು ಬಾರದ ಹೊಲ. ರೈತರು ಟ್ರ್ಯಾಕ್ಟರ್ ನಿಲ್ಲಿಸಿ ಅವನೊಡನೆ ಮಾತಿಗೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಮಾತ್ರ ಯಾರಿಗೂ ಇದು ಬೇಕಾಗಿರಲಿಲ್ಲ. ಅರವತ್ತು ದಾಟಿದ ಮೇಲೆ ಅವನಿಗೆ ಮೊದಲ ಸಲ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಸಿಕ್ಕಳು, ಸ್ವಾಂಟ್ಯೆ. ಉತ್ತರದ ಕರಾವಳಿಯ ಹುಡುಗಿ, ಮಾತು ಕಡಿಮೆ. ಅವಳ ಪ್ರಬಂಧ ಮುಗಿಯುವ ಹೊತ್ತಿಗೆ ಇವನ ಶ್ವಾಸಕೋಶ ಕೈಕೊಟ್ಟಿತು. ಮೆಟ್ಟಿಲು ಹತ್ತಿದರೆ ಮುಂದಿನ ಮಾತಿಗೆ ಉಸಿರು ಉಳಿಯುತ್ತಿರಲಿಲ್ಲ.

ವಿಭಾಗದ ಮುಖ್ಯಸ್ಥ ಆಲ್‌ಬೋರ್ನ್ ಕೆಟ್ಟ ಮನುಷ್ಯನಲ್ಲ. ಗ್ರಂಥಾಲಯಕ್ಕೇ ಬಂದು ಹೇಳಿದ:

"ಹೆರ್ ಹೆಸೆಲ್‌ಬೈನ್, ರಜೆ ತಗೊಳ್ಳಿ. ಕಾಯಿಲೆ ಅಂತ ಬರೆದುಕೊಟ್ರೆ ನಿಮ್ಮ ಹೆಸರಿಗೆ ಏನೂ ಆಗಲ್ಲ."

"ಹೆಸರು ಇರ್ಲಿ. ರಜೆಯಲ್ಲಿರೋನು ಪರೀಕ್ಷೆ ಮಾಡಬಹುದಾ?"

ಆಲ್‌ಬೋರ್ನ್ ಕನ್ನಡಕ ಒರೆಸಿಕೊಂಡ. "ನಮ್ಮಲ್ಲಿ ಹಾಗಿಲ್ಲ. ಆಕೆಗೆ ಬೇರೆ ಪರೀಕ್ಷಕರನ್ನ ನೋಡ್ತೀವಿ."

"ಯಾರನ್ನ? ಹಳೇ ಕಾವ್ಯದವರನ್ನೇ ತಾನೆ? ಅವರು ಹೊಲ ನೋಡಿರೋದು ರೈಲಿನ ಕಿಟಕಿಯಿಂದ. ಆ ಹುಡುಗಿ ಅರ್ಧ ಪ್ರಬಂಧ ತಿರುಗಿ ಬರೀಬೇಕಾಗುತ್ತೆ."

ರಜೆ ಬೇಡವೆಂದ. ಪರೀಕ್ಷೆ ಆ ಬೇಸಿಗೆಯ ಕೊನೆಗಿತ್ತು. ಅಲ್ಲಿಯವರೆಗೆ ಅವನು ಪಾಠ ಹೇಳುತ್ತಲೇ ಇರಬೇಕು, ಅಷ್ಟೇ.

ಕೇಳುವವರು ಮೂವರು: ಸ್ವಾಂಟ್ಯೆ, ಅತಿಥಿಯಾಗಿ ಹೆಸರು ಕೊಟ್ಟಿದ್ದ ನಾನು, ಮತ್ತೊಬ್ಬ ನಿವೃತ್ತ ಔಷಧದಂಗಡಿಯವನು. ಆ ಔಷಧದಂಗಡಿಯವನು ನಡುವೆಯೇ ಮಗಳ ಊರಿಗೆ ಮನೆ ಬದಲಾಯಿಸಿದ. ಉಳಿದವರು ಇಬ್ಬರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಳೆಯದೊಂದು ಲ್ಯಾಟಿನ್ ಮಾತಿದೆ: ಮೂವರು ಸೇರಿದರೆ ಪಾಠಶಾಲೆ. ಮೂವರಿಗೆ ಕಡಿಮೆಯಾದರೆ ಅದು ಹರಟೆ.

"ಇಬ್ಬರನ್ನ ಕೂರಿಸ್ಕೊಂಡಿದ್ದನ್ನ ತರಗತಿ ಅಂತ ನಾನು ಹೇಗೆ ಸಹಿ ಹಾಕ್ಲಿ?" ಎಂದು ಆಲ್‌ಬೋರ್ನ್ ನಿಜವಾಗಿ ನೊಂದುಕೊಂಡ.

ಕಚೇರಿಯ ಕಾರ್ಯದರ್ಶಿ ಫ್ರೌ ಕ್ಯೂಪರ್ಸ್ ನಿಯಮಾವಳಿಯನ್ನೆಲ್ಲ ಜಾಲಾಡಿದಳು. "ಹೆರ್ ಪ್ರೊಫೆಸರ್, ಮೂವರು ಅಂತ ಎಲ್ಲೂ ಇಲ್ಲ. ಅದು ಬರೀ ಗಾದೆ."

"ಇಲ್ಲದೆ ಹೇಗಿರುತ್ತೆ? ನಾನು ಓದೋ ಕಾಲದಿಂದ ಇದೆ. ಇನ್ನೊಂದ್ಸಲ ನೋಡಿ" ಎಂದ ಆಲ್‌ಬೋರ್ನ್.

ತಮಾಷೆಯೆಂದರೆ ಫೋಲ್ಕ್‌ಮಾರನೂ ಅವನ ಕಡೆಗೇ. "ಬರೆದಿಟ್ಟ ನಿಯಮ ಆದ್ರೆ ಯಾರಾದ್ರೂ ತಿದ್ದಬಹುದು. ಬರೆಯದೇ ಇರೋದನ್ನ ಯಾರು ತಿದ್ತಾರೆ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಮೂರನೆಯವನು ನಾನೇ ಆಗ್ತೀನಿ ಬಿಡು, ಆಲ್ಮುಟ್. ನನ್ನ ಪಾಠ ನಾನೂ ಕೇಳಿಸ್ಕೋತೀನಲ್ಲ" ಎಂದ.

"ನೀನು ಕೇಳೋದಕ್ಕಿಂತ ಕೆಮ್ಮೋದೇ ಜಾಸ್ತಿ" ಎಂದೆ.

ಮುಂದಿನ ಗುರುವಾರ ಬಾಗಿಲು ತಳ್ಳಿಕೊಂಡು ಫ್ರೌ ಕ್ಯೂಪರ್ಸ್ ಬಂದಳು. ಕೈಯಲ್ಲಿ ಮಧ್ಯಾಹ್ನದ ಬ್ರೆಡ್ಡಿನ ಡಬ್ಬಿ.

"ಅತಿಥಿ ಅಂತ ಹೆಸರು ಬರೆಸಿದೀನಿ. ಬರ್ಕೊಂಡಿದ್ದೂ ನಾನೇ. ಇಷ್ಟು ವರ್ಷ ನಿಮ್ಮ ಪಾಠದ ಹೆಸರು ಟೈಪ್ ಮಾಡಿದೀನಿ, ಒಳಗೆ ಏನಿದೆ ಅಂತ ನೋಡೋಣ. ತಿಂದ್ರೆ ಪರವಾಗಿಲ್ವಾ?"

"ಹಸಿವಿನ ಮೂಲೆ ಇವತ್ತಿನ ಪಾಠ. ತಿನ್ನಿ, ತಿನ್ನಿ."

ಬೇಸಿಗೆ ಮುಗಿಯುವವರೆಗೆ ಅವಳು ಒಂದು ವಾರವೂ ತಪ್ಪಿಸಲಿಲ್ಲ. ಕೊನೆಕೊನೆಗೆ ಅವನು ಒಂದು ವಾಕ್ಯ ಹೇಳಿ ಕಿಟಕಿಯ ಕಡೆ ನೋಡುತ್ತಾ ಉಸಿರು ಕೂಡಿಸಿಕೊಳ್ಳುತ್ತಿದ್ದ. ನಾವು ಮೂವರೂ ಆಗ ಏನೋ ಬರೆದುಕೊಳ್ಳುವವರ ಹಾಗೆ ತಲೆ ಬಗ್ಗಿಸುತ್ತಿದ್ದೆವು. ಆಲ್‌ಬೋರ್ನ್ ಸಂತೋಷದಿಂದಲೇ ಸಹಿ ಹಾಕಿದ.

ಪರೀಕ್ಷೆಯ ದಿನ ಅವನನ್ನು ಕೈಹಿಡಿದು ಕರೆತಂದು ಪರೀಕ್ಷಕರ ಸಾಲಿನಲ್ಲಿ ಕೂರಿಸಿದೆ. ಮೂರು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದ, ಒಂದಕ್ಕೆ ಸಾಕಾಗುವಷ್ಟು ಉಸಿರಿತ್ತು.

"ನದಿಯಾಚೆ 'ಜಗಳದ ಹುಲ್ಲುಗಾವಲು' ಅಂತ ಇದೆಯಲ್ಲ. ಆ ಹೆಸರು ಇಟ್ಟೋರು ಯಾರು? ಗೆದ್ದೋರಾ, ಸೋತೋರಾ?"

ಸ್ವಾಂಟ್ಯೆ ಯೋಚಿಸಿದಳು. "ಇಬ್ಬರೂ ಅಲ್ಲ. ಅವರಿಬ್ಬರಿಗೂ ಅದು 'ನಮ್ಮ ಹುಲ್ಲುಗಾವಲು'. ಹೆಸರು ಇಟ್ಟೋರು ಪಕ್ಕದ ಹೊಲದೋರು. ದಿನಾ ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತೆ."

ಆಲ್‌ಬೋರ್ನ್ ಗಟ್ಟಿಯಾಗಿ ನಕ್ಕುಬಿಟ್ಟ. ಫೋಲ್ಕ್‌ಮಾರ್ ನಗಲಿಲ್ಲ. ಕೇಳಬೇಕೆಂದಿದ್ದ ಮಾತು ಕೇಳಿದವನ ಹಾಗೆ ಎರಡು ಸಲ ತಲೆಯಾಡಿಸಿದ.

ಫಲಿತಾಂಶ ಹೇಳಿದ ಮೇಲೆ ಮೊಗಸಾಲೆಯಲ್ಲಿ ಅವಳಿಗೆ ಕೈ ಚಾಚಿದ. "ಡಾಕ್ಟರೇ, ಇನ್ನು 'ನೀವು ಗೀವು' ಸಾಕು. ನಾನು ಫೋಲ್ಕ್‌ಮಾರ್." 'ಹೆರ್' ಎಂಬ ಗೌರವ, 'ನೀವು' ಎರಡನ್ನೂ ಬಿಟ್ಟು ಬರಿಯ ಹೆಸರಿಗೆ, 'ನೀನು'ವಿಗೆ ಇಳಿಯುವ ಈ ಸಲಿಗೆಯನ್ನು ನಮ್ಮಲ್ಲಿ ಹಿರಿಯರೇ ಕೊಡಬೇಕು, ಒಮ್ಮೆ ಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

"ಆಗ್ಲಿ, ಫೋಲ್ಕ್‌ಮಾರ್," ಎಂದು ಸ್ವಾಂಟ್ಯೆ ಕೆಂಪಾದಳು, "ನೀವು ಸ್ವಲ್ಪ ಕೂತ್ಕೊಳ್ಳಿ."

ಅವನು ಆಸ್ಪತ್ರೆಗೆ ಸೇರಿದ ಮೇಲೂ 'ನೀನು' ಎನ್ನಲು ಅವಳ ನಾಲಿಗೆ ತಿರುಗಲಿಲ್ಲ. ಅವನು ಅದನ್ನೇ ಆಟ ಮಾಡಿಕೊಂಡಿದ್ದ. "ಹೇಳಮ್ಮ, 'ನೀನು ನೀರು ಕುಡಿದ್ಯಾ' ಅಂತ ಹೇಳು, ಆಮೇಲೆ ಕುಡೀತೀನಿ" ಎಂದು ಲೋಟ ಹಿಡಿದು ಕಾಯುತ್ತಿದ್ದ. ಒಂದು ಮಧ್ಯಾಹ್ನ ಅವಳು ತಲೆ ತಗ್ಗಿಸಿ, ಒಂದೇ ಉಸಿರಿಗೆ ಹೇಳಿದಳು. ಅವನು ಲೋಟ ಪೂರ್ತಿ ಖಾಲಿ ಮಾಡಿದ.

ಎಲೆ ಉದುರುವ ಹೊತ್ತಿಗೆ ಹೋದ. ನಾನು ಫೋನ್ ಮಾಡಿ ತಿಳಿಸಿದಾಗ ಸ್ವಾಂಟ್ಯೆ, "ಹೆರ್ ಹೆಸೆಲ್‌ಬೈನ್ ಅವರು ನೋವು ಪಟ್ರಾ?" ಎಂದು ಕೇಳಿದಳು.

ಇಲ್ಲವೆಂದೆ.