ಮಿಡಿತ ನಿಲ್ಲುವ ತನಕ

ಪ್ರಶ್ನಾವಳಿಗೂ ನನಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಆ ಪುಟ್ಟ ಚೌಕಗಳಲ್ಲಿ ಗುರುತು ಹಾಕಹೊರಟರೆ ನನ್ನ ಪೆನ್ನು ಪಕ್ಕದ ಚೌಕಕ್ಕೂ ಕಾಲು ಚಾಚುತ್ತದೆ. ಹಾಗಾಗಿ ನಾನು ಏಕಕಾಲಕ್ಕೆ ಸರ್ವಜ್ಞೆಯೂ ಅಜ್ಞಾನಿಯೂ ಆಗಿಬಿಡುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಬಂಗಾರಪೇಟೆಯ ಹೆರಿಗೆ ವಾರ್ಡಿನ ನರ್ಸುಗಳಾದ ನಮಗೆ ಬೆಂಗಳೂರಿನಿಂದ ಬಂದ ಯುವ ಡಾಕ್ಟರೊಬ್ಬರು ಅಂಥದ್ದೊಂದನ್ನು ಹಂಚಿದರು. ಹೊಕ್ಕುಳಬಳ್ಳಿಯ ರಕ್ತವನ್ನು ಶೇಖರಿಸಿಟ್ಟರೆ ಮುಂದೆ ರೋಗಗಳಿಗೆ ಔಷಧವಾದೀತೆಂದು ನಿಮಗೆ ಗೊತ್ತೇ? 'ಗೊತ್ತಿಲ್ಲ' ಎಂದು ಗುರುತು ಹಾಕಿದೆ. ನಾಚಿಕೆಯೇನೂ ಆಗಲಿಲ್ಲ. ಇಪ್ಪತ್ತು ವರ್ಷ ಆ ಬಳ್ಳಿ ಕತ್ತರಿಸಿದ ಕೈಗೆ ಏನು ಗೊತ್ತೆಂದು ಯಾರೂ ಕೇಳಿರಲಿಲ್ಲವಲ್ಲ!

ಆ ವಿದ್ಯೆ ನನಗೆ ದಕ್ಕಿದ್ದು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಅಂತೋಣಿಯಮ್ಮನಿಂದ. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಆತುರದಿಂದ ಕತ್ತರಿಗೆ ಕೈಹಾಕಿದರೆ ಆ ಮುದುಕಿ ಗದರುತ್ತಿದ್ದಳು: "ಇರಮ್ಮಾ, ಬೆರಳಿಟ್ಟು ನೋಡು. ಬಳ್ಳಿ ನಾಡಿ ಇನ್ನೂ ಒಡ್ಕೊಂತೈತೆ. ನಿಂತ್ಮೇಲೆ ಕತ್ರಿ." ಆಗ ನನಗೆ ಸಿಟ್ಟು ಬರುತ್ತಿತ್ತು, ಸರ್ಟಿಫಿಕೇಟು ಇದ್ದದ್ದು ನನ್ನ ಹತ್ತಿರ ನೋಡಿ.

ಪ್ರಶ್ನಾವಳಿ ಹಂಚಿದ ಡಾಕ್ಟರಿಗೆ ಅಂದೇ ಬಳ್ಳಿಯ ರಕ್ತದ ಒಂದು ಸ್ಯಾಂಪಲ್ ಬೇಕಿತ್ತು. ಹೆರಿಗೆ ಟೇಬಲ್ಲಿನ ಮೇಲಿದ್ದವಳು ಕಾಮಸಮುದ್ರದ ಕಡೆಯ ಕೂಲಿ ಹೆಂಗಸು ಮುನಿರತ್ನ; ರಕ್ತಹೀನತೆಯಿಂದ ಸುಣ್ಣದಂತೆ ಬಿಳಿಚಿಕೊಂಡವಳು, ಎರಡು ಕೂಸುಗಳನ್ನು ಕಳೆದುಕೊಂಡವಳು. ಮೂರನೆಯದು ತಾಯಿಯಷ್ಟೇ ಬಿಳಿಚಿಕೊಂಡು ಹುಟ್ಟಿ, ಸಣ್ಣಗೆ ಅತ್ತಿತು.

"ಬಳ್ಳಿಗೆ ಬೇಗ ಕ್ಲ್ಯಾಂಪ್ ಹಾಕಿ ಸಿಸ್ಟರ್, ರಕ್ತ ವೇಸ್ಟ್ ಆಗುತ್ತೆ!" ಎಂದರು ಡಾಕ್ಟರು.

ಎಲಾ ಇವನ! ವೇಸ್ಟು ಯಾರಿಗೆ? ನನ್ನ ಬೆರಳಿನಡಿ ಬಳ್ಳಿ ಇನ್ನೂ ಮಿಡಿಯುತ್ತಿತ್ತು. ರಕ್ತ ಮಗುವಿನೊಳಕ್ಕೇ ಹರಿಯುತ್ತಿತ್ತು. ವಿಜ್ಞಾನದ ಮೇಲೆ ನನಗೆ ಹಗೆಯಿಲ್ಲ. ಆದರೆ ಮುಂದೆಂದೋ ಬರಬಹುದಾದ ರೋಗಿಗಾಗಿ, ಕಣ್ಣೆದುರಿಗಿನ ಕೂಸಿನ ಬಾಯಿಂದ ತುತ್ತು ಕಸಿಯುವುದು ಯಾವ ನ್ಯಾಯ, ನೀವೇ ಹೇಳಿ. "ತಾಯೀನ ಕೇಳಿ ಸಾರ್" ಎಂದೆ. ಅವರು ಕೇಳಲಿಲ್ಲ. ನಾನೇ ಕೇಳಿದೆ.

"ಆ ರಕ್ತ ಯಾರ್ದಕ್ಕಾ?" ಎಂದಳು ಮುನಿರತ್ನ, ಕಣ್ಣು ತೆರೆಯದೆ.

"ನಿನ್ನ ಮಗೂದು."

"ಅಂಗಾದ್ರೆ ಅದ್ಕೇ ಓಗ್ಲಿ ಬುಡಕ್ಕಾ. ಮಿಕ್ಕಿದ್ರೆ ಆಯಪ್ಪ ತಕ್ಕಳ್ಳಿ."

ಮಿಡಿತ ನಿಂತ ಮೇಲೆಯೇ ಕತ್ತರಿಸಿದೆ. ಅಷ್ಟರಲ್ಲಿ ಮಗುವಿನ ತುಟಿಗೆ ಕೆಂಪು ಏರಿತ್ತು, ಅಳುವಿಗೆ ದನಿ ಬಂದಿತ್ತು. ಡಾಕ್ಟರು ರಕ್ತ ಹಿಡಿಯಲು ತಂದಿದ್ದ ಚೀಲದ ತಳ ಮಾತ್ರ ಒದ್ದೆಯಾಯಿತು. ವಾರದೊಳಗೆ ನನಗೆ ಮೆಮೊ ಬಂತು: ಆಜ್ಞೆ ಉಲ್ಲಂಘಿಸಿದ್ದಕ್ಕೆ ಸಮಜಾಯಿಷಿ ನೀಡತಕ್ಕದ್ದು.

ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದೆ: 'ತಾಯಿಯ ಆಜ್ಞೆಯಂತೆ, ಮಿಕ್ಕಿದ್ದನ್ನು ಕೊಟ್ಟಿದ್ದೇನೆ.'