ಅಮೀನರ ಬೇಗಂ ಮುಂದೆ ಅಮೆರಿಕದ ಮಾತು

ಗೆಳತಿಯರೇ, ನಿಜಾಮರ ಆಳ್ವಿಕೆಯ ಈ ಕುಷ್ಟಗಿಗೆ ಸೊಸೆಯಾಗಿ ಬಂದು ತಿಂಗಳಾಗಿಲ್ಲ, ಇವತ್ತು ನನ್ನ ಬಾಯಿ ನಮ್ಮವರ ಸರಕಾರಿ ಮಾಸ್ತರಿಕೆಗೇ ಕುತ್ತು ತಂದಿತೇನೋ! ಊರ ಠಾಣೆಯ ಅಧಿಕಾರಿ, ಪೊಲೀಸ್ ಅಮೀನರ ಬೇಗಂ ಚಹಾಕ್ಕೆ ಬಂದಿದ್ದರು. ಪತ್ರಿಕೆ ಓದಿ ಉಬ್ಬಿಹೋಗಿದ್ದ ನಾನು, ಅಮೆರಿಕದಲ್ಲಿ ಪ್ರಜೆಗಳೇ ಅಧ್ಯಕ್ಷನನ್ನು ಆರಿಸುತ್ತಾರೆ ಎಂದೆ.

“ಎಲ್ಲಾರೂ ಆರಸ್ತಾರೇನವ್ವಾ?” ಎಂದರು ಬೇಗಂ.

“ಇಲ್ರೀ, ದಕ್ಷಿಣದ ಕಡೆ ಕರಿಯರು ಓಟು ಹಾಕಾಕ ಹೋದ್ರ ಹೆದರಿಸಿ ಓಡಸ್ತಾರಂತ. ಎಂಥಾ ಅನ್ಯಾಯ!”

“ಯಾರು ಓಡಸ್ತಾರ?”

“ಪೊಲೀಸರ ರೀ!” ಅಂದುಬಿಟ್ಟೆ.

ಅತ್ತೆ ಚಹಾ ಸೋಸುವುದನ್ನೇ ನಿಲ್ಲಿಸಿದರು. ಬೇಗಂ ಬುರ್ಖಾದ ಮುಸುಕನ್ನು ಮುಖದ ಮೇಲೆ ಇಳಿಸಿಕೊಂಡು ಎದ್ದರು. “ನಮ್ಮನಿಯವ್ರಿಗೆ ಹೇಳ್ತೀನಿ, ಅಮೆರಿಕಾದಾಗೂ ಅವ್ರಿಗೆ ನೌಕರಿ ಐತಿ ಅಂತ.”

ನಕ್ಕರೋ, ಸಿಟ್ಟಾದರೋ, ಮುಖ ಕಾಣಲಿಲ್ಲ. ನಮ್ಮವರಿನ್ನೂ ಶಾಲೆಯಿಂದ ಬಂದಿಲ್ಲ, ನಾನು ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದೇನೆ. ಅತ್ತೆ ಮಾತ್ರ ನನ್ನನ್ನು ಬಿಟ್ಟು ಅಮೆರಿಕಕ್ಕೇ ಹಿಡಿಶಾಪ ಹಾಕುತ್ತಿದ್ದಾರೆ.